ಅಕ್ಕನ ಫೋಲ್ಡರಿನಲ್ಲಿ ತೆರೆದ ಕಿಟಕಿ

ಹದಿನಾಲ್ಕನೆಯ ತಾರೀಖು, ಗುರುವಾರ, ರಾತ್ರಿ

ನಾಳೆ ಅಕ್ಕ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವಳಿಗೆ ಇನ್ನು ಧ್ವನಿಯಿಲ್ಲ. ಹಿಂದೆ ನಾನು ಧ್ವನಿಮುದ್ರಿಸಿಕೊಂಡಿದ್ದ ಅವಳ ಪ್ರಾರ್ಥನೆಯನ್ನು ಅಖಂಡವಾಗಿ ಕೇಳಿಸೆಂದು ಸನ್ನೆಯಲ್ಲಿ ಬೇಡಿದ್ದಳು. ಅದೋ ಕಂಪ್ಯೂಟರಿನಲ್ಲಿ ತುಂಡುತುಂಡಾಗಿ ಬಿದ್ದಿತ್ತು.

ಆ ತುಂಡುಗಳನ್ನು ಕೂಡಿಸಲು ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನು ನಾನು ಬಲ್ಲೆ. ಆದರೆ ಆಜ್ಞೆ ಬರೆಯುವ ಆ ಕಪ್ಪು ಕಿಟಕಿ, ಕಮಾಂಡ್ ಪ್ರಾಂಪ್ಟ್, ಪ್ರತಿಸಲವೂ ಬೇರೆ ಯಾವುದೋ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಅಕ್ಕನ ಫೋಲ್ಡರಿನವರೆಗಿನ ಉದ್ದನೆಯ ದಾರಿಯನ್ನು ಟೈಪಿಸುವಾಗ ಒಂದಲ್ಲ ಒಂದು ಅಕ್ಷರ ಕೈಕೊಡುತ್ತಿತ್ತು. ಸಂಜೆ ಸೊಸೆ ನೋಡಿ ನಕ್ಕಳು.

“ಏನ್ ಮಾವ, ಮನೇಲೇ ಕೂತ್ಕೊಂಡು ಮನೆ ದಾರಿ ಹುಡುಕ್ತಿದ್ದೀರಲ್ಲ! ಫೋಲ್ಡರ್ ಒಳಗೆ ಖಾಲಿ ಜಾಗದಲ್ಲಿ, ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ. ಆ ಕಪ್ಪು ಕಿಟಕೀನ ಇಲ್ಲೇ ತೆರೆಯೋ ಆಯ್ಕೆ ಬರತ್ತೆ.”

ಹಾಗೆಯೇ ಮಾಡಿದೆ. ಕಪ್ಪು ಕಿಟಕಿ ತೆರೆಯಿತು. ಮೊದಲ ಸಾಲಿನ ತುದಿಯಲ್ಲೇ ‘ಅಕ್ಕ’ ಎಂದಿತ್ತು. ಅದರ ಪಕ್ಕದಲ್ಲಿ ಪುಟ್ಟ ಗೆರೆಯೊಂದು ಗಾಳಿಗೆ ಅಲುಗುವ ದೀಪದ ಕುಡಿಯಂತೆ ಮಿನುಗುತ್ತಿತ್ತು. ಇಷ್ಟು ವರ್ಷ ಭಗವಂತನನ್ನೂ ಹೀಗೆಯೇ ಸುತ್ತುದಾರಿಯಿಂದ ಅರಸಿದೆನೇನೋ ಎಂದೆನಿಸಿ, ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ಆಜ್ಞೆ ಕೊಟ್ಟೆ. ತುಂಡುಗಳು ಕೂಡಿದವು. ಅಕ್ಕನ ಹಾಡು ಮೊದಲಿನಿಂದ ಹರಿಯಿತು. ನಡುವೆ, ನಾನು ಮರೆತೇಬಿಟ್ಟಿದ್ದ ಅವಳ ಗದರಿಕೆ:

“ಲೋ ತಮ್ಮಾ, ತಾಳ ತಪ್ತಿದ್ದೀಯ. ನಿದ್ದೆ ಬಂತೇನೋ?”

ಪ್ರಾರ್ಥನೆಯ ನಡುವೆ ಈ ಮಾತು ತರವಲ್ಲವೆಂದು ಕತ್ತರಿಸಲು ಹೊರಟೆ. ಬೇಡ, ಇರಲಿ. ನಾಳೆ ಅವಳ ಪಕ್ಕದಲ್ಲಿ ಕುಳಿತು, ಅದೇ ಜಾಗದಲ್ಲಿ, ಬೇಕೆಂದೇ ತಾಳ ತಪ್ಪುತ್ತೇನೆ. ಅವಳು ನನ್ನನ್ನು ಗದರಿದಂತೆಯೇ ಆಗುತ್ತದೆ. ಕಣ್ಣು ಎಳೆಯುತ್ತಿದೆ; ಎಡಗೈ ಬೆರಳು ಮಾತ್ರ ಇನ್ನೂ ಮೇಜಿನ ಮೇಲೆ ತಾಳ ಹಾಕುತ್ತ…