ಹೊಸ್ತಿಲಾಚೆಯ ಚಪ್ಪಲಿ

ಜುಲೈ 2, ಬೆಳಿಗ್ಗೆ

ಮಾತ್ರೆ ನುಂಗಿ ಆಯಿತು. ಒಂದೊಂದಾಗಿ, ದೇವರನ್ನು ಬೈದುಕೊಂಡು. ಬಾಯಲ್ಲಿ ತುಕ್ಕು ಹಿಡಿದ ಸೂಜಿ ಚೀಪಿದ ರುಚಿ. ಎದುರು ಮನೆಯ ಪೂಂಗೋದೈ ಬಿಸಿ ಇಡ್ಲಿ ಕಳಿಸಿದ್ದಾಳೆ. ಅದಕ್ಕೂ ಸೂಜಿಯದೇ ರುಚಿ. ಹೇಳಿದರೆ ಪಾಪ ಚಟ್ನಿ ಬದಲಾಯಿಸುತ್ತಾಳೆ. ಹೇಳುವುದಿಲ್ಲ.

ಕನ್ನಡಿಯಲ್ಲಿ ಇನ್ನಷ್ಟು ಕಪ್ಪಾಗಿದ್ದೇನೆ. ಮೊದಲು ಗೋಧಿ ಬಣ್ಣ, ಆಮೇಲೆ ತಾಮ್ರ, ಈಗ ಸುಟ್ಟ ಬದನೆಕಾಯಿ. ಅದು ಮಾತ್ರೆಯ ಗುಣ, ಕೋರ್ಸ್ ಮುಗಿದ ಮೇಲೆ ತಿಳಿಯಾಗುತ್ತದೆ ಎಂದು ನರ್ಸ್ ಹೇಳಿದ್ದಾಳೆ. ನಿನ್ನೆ ಬೀದಿ ತುದಿಯ ಮನೆಯವಳು ಬ್ಲೌಸ್ ಹೊಲಿಯಲು ಕೊಡಲು ಬಂದು, ನನ್ನ ಮುಖ ನೋಡಿಕೊಂಡೇ, "ಮಂಗೈಯಕ್ಕ ಇಲ್ವಾ?" ಎಂದು ನನ್ನನ್ನೇ ಕೇಳಿದಳು. ಇಲ್ಲ ಎಂದುಬಿಟ್ಟೆ. ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು.

ಕಾಲು — ಪಾದದ ಮೇಲೆಲ್ಲ ಉರಿ, ಅಂಗಾಲಿನಲ್ಲಿ ಏನೂ ಇಲ್ಲ. ಚಪ್ಪಲಿ ಜಾರಿ ಹೋದರೂ ತಿಳಿಯದು. ಮೊನ್ನೆ ಇಲ್ಲೇ ತಿರುಚ್ಚಿಯ ಪಾಲಕ್ಕರೈ ಮಾರ್ಕೆಟ್‌ನಿಂದ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಿದ್ದೆ. ಇನ್ನೊಂದನ್ನು ಆರೋಕ್ಯಂ ಹುಡುಕಿ ತಂದಳು.

"ಇನ್ನೊಂದ್ಸಲ ಬೀಳಿಸಿದ್ರೆ ನೋಡು, ಎಮ್ಮೆಗೆ ಕಟ್ಟಿದ ಹಾಗೆ ಹಗ್ಗ ಹಾಕಿ ಕಟ್ತೀನಿ."

ಯೂನಿಫಾರಂ ಕಂಪನಿಯಲ್ಲಿ ಪೂಂಗೋದೈ, ಆರೋಕ್ಯಂ, ನಾನು — ನಮ್ಮ ಮೂವರ ಹೊಲಿಗೆ ಮಷಿನ್ ಒಂದೇ ಸಾಲಿನಲ್ಲಿದ್ದವು. ಕಂಪನಿ ಹೋಯಿತು, ಸಾಲು ಮುರಿಯಲಿಲ್ಲ. ನನ್ನದು ಸಾಮಾನ್ಯ ಮಾತ್ರೆಗೆ ಬಗ್ಗದ ಟಿ.ಬಿ. ಎಂದು ಗೊತ್ತಾದಾಗ ಅಣ್ಣನ ಮನೆಯವರು ಫೋನಿನಲ್ಲೇ ದೂರ ಸರಿದರು. ಇವರಿಬ್ಬರು ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒಳಗೇ ಬಂದರು. ಈಗ ಕಫದಲ್ಲಿ ಕ್ರಿಮಿ ಇಲ್ಲ, ಮಾಸ್ಕೂ ಇಲ್ಲ. ಆದರೆ ಈ ಕೋರ್ಸ್ ನಡುವೆ ತಪ್ಪಿದರೆ ಮುಂದೆ ನನಗೆ ನಾಟುವ ಔಷಧಿ ಸಿಗುವುದು ಕಷ್ಟ. ಡಾಕ್ಟರು ನೇರವಾಗಿ ಹೇಳಿದ್ದಾರೆ.

ಜುಲೈ 9, ಮಧ್ಯಾಹ್ನ

ಬರೆಯಲೋ ಬೇಡವೋ…

ಊಟ ಮಾಡಿ ಮಷಿನ್ ಹತ್ತಿರ ಬಂದೆ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಮುದುಕಿಯೊಬ್ಬಳು ಕೂತಿದ್ದಳು. ಯಾವಾಗ ಬಂದಳೋ. ಮಾಸಿದ ಸೀರೆ. ಅಳತೆಗೆ ಬಂದಿರಬೇಕು ಎಂದು ಟೇಪ್ ತೆಗೆದುಕೊಂಡೆ.

"ನೀರು," ಎಂದಳು. ಅಷ್ಟೇ.

ತರಲು ಎದ್ದವಳು ಅಭ್ಯಾಸಬಲದಿಂದ ಅವಳ ಬ್ಲೌಸ್ ನೋಡಿದೆ. ತೋಳಿಗೆ ಜೋಡಣೆಯಿಲ್ಲ. ಬಗಲಲ್ಲಿ ಹೊಲಿಗೆಯಿಲ್ಲ. ಎಲ್ಲಿಯೂ ಒಂದು ಹೊಲಿಗೆ ಇಲ್ಲ. ಬಟ್ಟೆ ಮೈಯಿಂದಲೇ ಬೆಳೆದ ಹಾಗೆ.

ಇಷ್ಟು ವರ್ಷದಲ್ಲಿ ನಾನು ಅಂಥ ಬ್ಲೌಸ್ ಕಂಡಿಲ್ಲ. ಕೈಯಿಂದ ಟೇಪ್ ಬಿತ್ತು. ಬಗ್ಗಿ ಎತ್ತಿಕೊಂಡು ನೋಡಿದರೆ ಸ್ಟೂಲ್ ಖಾಲಿ.

ಜುಲೈ 10

ಇಬ್ಬರಿಗೂ ಹೇಳಿದೆ. ಪೂಂಗೋದೈ ನನ್ನ ಹಣೆಗೆ ವಿಭೂತಿ ಹಚ್ಚಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಆರೋಕ್ಯಂ ಸಕ್ಕರೆ ಕಾಯಿಲೆಯವಳು. ಎರಡು ಚಮಚ ಸಕ್ಕರೆ ಹಾಕಿದ ಟೀ ಕುಡಿಯುತ್ತ ಕೇಳಿದಳು:

"ಹೊರಗೆ ಚಪ್ಪಲಿ ಇತ್ತಾ?"

"ಯಾರದ್ದು?"

"ಆ ಮುದುಕೀದು ಕಣೇ. ಈ ಊರಲ್ಲಿ ಚಪ್ಪಲಿ ಬಿಡದೆ ಯಾರು ಒಳಗೆ ಬರ್ತಾರೆ?"

ಇರಲಿಲ್ಲ.

"ಹಂಗಾದ್ರೆ ಅವಳು ಬಂದಿಲ್ಲ. ಮಾತ್ರೆ ಬಂದಿದೆ. ನರ್ಸು ಹೇಳಿರಲಿಲ್ವಾ, ಆ ಒಂದು ಮಾತ್ರೆಯಿಂದ ಕೆಲವರಿಗೆ ಏನೇನೋ ಕಾಣುತ್ತೆ ಅಂತ? ನಾಳೆನೇ ಡಾಕ್ಟರಿಗೆ ಹೇಳು."

ಹೇಳುವುದಿಲ್ಲ ಎಂದೆ. ಹೇಳಿದರೆ ಆ ಮಾತ್ರೆ ನಿಲ್ಲಿಸುತ್ತಾರೆ. ಒಂದು ನಿಂತರೆ ಉಳಿದವೂ ಕೈಕೊಟ್ಟರೆ? ಮುದುಕಿ ಕೂತರೆ ಕೂತಿರಲಿ, ನಾನು ಬದುಕಬೇಕು. ಜಗಳವಾಯಿತು. ಕೊನೆಗೆ ಆರೋಕ್ಯಂ ಕಟ್ಟಳೆ ಹಾಕಿದಳು: ಯಾರನ್ನೇ ಕಂಡರೂ ಮೊದಲು ಹೊಸ್ತಿಲಾಚೆ ನೋಡಬೇಕು. ಚಪ್ಪಲಿ ಇದ್ದರೆ ಮನುಷ್ಯರು. ಇಲ್ಲದಿದ್ದರೆ ಮಾತ್ರೆ.

"ಮಾತ್ರೆ ಜೊತೆ ಮಾತಾಡ್ಬೇಡ. ನೀರು ಕೇಳಿದ್ರೂ ಕೊಡ್ಬೇಡ. ಒಂದ್ಸಲ ಉಪಚಾರ ಮಾಡಿದ್ರೆ ಖಾಯಂ ಆಗಿ ಕೂತ್ಬಿಡ್ತವೆ, ನನ್ನ ನಾದಿನಿ ಥರ."

ಪೂಂಗೋದೈ ವಿಭೂತಿಯ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ತುಂಬ ದಿನದ ಮೇಲೆ.

ಜುಲೈ 23

ಕಟ್ಟಳೆ ಕೆಲಸ ಮಾಡುತ್ತಿದೆ. ಮುದುಕಿ ಬರುತ್ತಾಳೆ, ಯಾವಾಗಲೂ ನಡುಮಧ್ಯಾಹ್ನ. ನೀರು ಕೇಳುತ್ತಾಳೆ. ಬಾಗಿಲಾಚೆ ನನ್ನದೊಂದೇ ಜೊತೆ ಚಪ್ಪಲಿ. ನಾನು ಮಷಿನ್ ತುಳಿಯುತ್ತೇನೆ. ಸ್ವಲ್ಪ ಹೊತ್ತಿಗೆ ಇರುವುದಿಲ್ಲ.

ಭಯವಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ. ಭಯವಿದೆ. ಆದರೆ ಹೊಲಿಗೆ ನೆಟ್ಟಗೆ ಬರುತ್ತಿದೆ.

ಆಗಸ್ಟ್ 8

ಇವತ್ತು ಪೂಂಗೋದೈ ಬಂದು ಸ್ಟೂಲಿನ ಮೇಲೆ ಕೂತಳು. ಸೆರಗಿನಿಂದ ಬೆವರು ಒರೆಸಿಕೊಂಡು, "ನೀರು ಕೊಡೇ," ಎಂದಳು. ಚೊಂಬು ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಎದುರು ಮನೆಯಿಂದ ಪೂಂಗೋದೈಯ ದನಿ — ಹಾಲಿನವನ ಜೊತೆ ಜಗಳ, ನೀರು ಬೆರೆಸಿದ್ದಾನಂತೆ.

ಸ್ಟೂಲಿನ ಮೇಲಿದ್ದವಳೂ ಆ ಕಡೆ ತಿರುಗಿ ಕೇಳಿಸಿಕೊಂಡಳು.

ಹೊಸ್ತಿಲಾಚೆ ಚಪ್ಪಲಿ ಇರಲಿಲ್ಲ. ತೋಳಿಗೆ ಹೊಲಿಗೆ ಇರಲಿಲ್ಲ. ಚೊಂಬು ಕೆಳಗಿಟ್ಟೆ.

ಗುರುತಿನವರ ಮುಖವನ್ನೂ ಹೊತ್ತು ಬರುತ್ತವೆ ಹಾಗಾದರೆ. ಆರೋಕ್ಯಂಗೆ ಹೇಳಿದೆ. ಅವಳು ತಮಾಷೆ ಮಾಡಲಿಲ್ಲ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದಳು. ಅವಳ ಕೈ ಕಾಣುತ್ತಿತ್ತು, ತಾಗಿದ್ದು ಕಾಲಿಗೆ ತಿಳಿಯುತ್ತಿರಲಿಲ್ಲ.

"ಡಾಕ್ಟರಿಗೆ ಹೇಳೇ, ಮಂಗೈ."

"ಕಫದ ರಿಪೋರ್ಟ್ ಇನ್ನೊಂದು ಬರಲಿ."

"ನೀನು ಹೇಳೋಳಲ್ಲ. ನಾನೇ ಏನಾದ್ರೂ ಮಾಡ್ಬೇಕು."

ಆಗಸ್ಟ್ 26

ಆರೋಕ್ಯಂ ಮಗಳ ಮನೆಗೆ ಕೊಯಮತ್ತೂರಿಗೆ ಹೊರಟಳು. ಮೊಮ್ಮಗುವಿಗೆ ಹುಷಾರಿಲ್ಲವಂತೆ. ಹೋಗುವಾಗ ನನ್ನ ತಲೆ ಸವರಿ, "ಕಟ್ಟಳೆ ಮರೀಬೇಡ," ಎಂದಳು. ಪೂಂಗೋದೈ ಯಾಕೋ ನೆಲ ನೋಡುತ್ತಿದ್ದಳು.

ಸೆಪ್ಟೆಂಬರ್ 3

ವಾಂತಿ. ಎರಡು ದಿನ ಹೊಲಿಗೆ ಇಲ್ಲ. ಮುದುಕಿ ದಿನವೂ ಬರುತ್ತಿದ್ದಾಳೆ. ಆರೋಕ್ಯಂ ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 9, ಮಧ್ಯಾಹ್ನ

ಇವತ್ತು ಆರೋಕ್ಯಂ ಮುಖ ಹೊತ್ತು ಬಂತು.

ಕೆಟ್ಟದಾಗಿ ಮಾಡಿಕೊಂಡು ಬಂದಿತ್ತು. ತಲೆ ಬೋಳು. ಮುಖ ಬಿಸಿಲಿಗೆ ಸುಟ್ಟು ಸಿಪ್ಪೆ ಎದ್ದಿದೆ. ಕಾವಿ ಸೀರೆ. ಆರೋಕ್ಯಂ ಹುಟ್ಟಿದಾಗಿನಿಂದ ಕಾವಿ ಉಟ್ಟವಳಲ್ಲ. ಸ್ಟೂಲಿನ ಮೇಲೆ ಕುಸಿದು ಕೂತಿತು.

"ಮಂಗೈ, ನೀರು ಕೊಡೇ. ಬಾಯಿ ಒಣಗೋಗಿದೆ."

ಬಾಗಿಲ ಕಡೆ ನೋಡಿದೆ. ನನ್ನದೊಂದೇ ಜೊತೆ.

"ಯಾಕೇ, ಮಾತಾಡಲ್ವಾ? ನಾನು ಕಣೇ."

ಮಷಿನ್ ತುಳಿದೆ. ಜೋರಾಗಿ ತುಳಿದೆ. ಬಟ್ಟೆಯೇ ಇರಲಿಲ್ಲ, ಬರೀ ಸೂಜಿ ಕುಣಿಯುತ್ತಿತ್ತು. ಅದು ಇನ್ನೂ ಏನೋ ಹೇಳುತ್ತಿತ್ತು, ಮಷಿನ್ ಸದ್ದಿನಲ್ಲಿ ಕೇಳಲಿಲ್ಲ. ಆಮೇಲೆ ನಕ್ಕ ಹಾಗಾಯಿತು. ತಲೆ ಎತ್ತಲಿಲ್ಲ. ಎತ್ತಿದಾಗ ಯಾರೂ ಇರಲಿಲ್ಲ.

ಆರೋಕ್ಯಂ ಬಂದ ಮೇಲೆ ಹೇಳಬೇಕು. ನಿನ್ನ ಮುಖ ಕಂಡರೂ ಕಟ್ಟಳೆ ಮುರಿಯಲಿಲ್ಲ ಕಣೇ, ಎಂದು.

ಅದೇ ದಿನ, ಸಂಜೆ

ಗುಡಿಸಲು ಪೊರಕೆ ಎತ್ತಿಕೊಂಡೆ. ನೆಲದ ಮೇಲೆ ಕಂದು ಕಲೆಗಳು. ಬಾಗಿಲಿನಿಂದ ಸ್ಟೂಲಿನವರೆಗೆ, ಸ್ಟೂಲಿನಿಂದ ಬಾಗಿಲವರೆಗೆ. ನನ್ನದೇ ಕಾಲು ಒಡೆದಿರಬೇಕು ಎಂದು ಕೂತು ಅಂಗಾಲು ತಿರುಗಿಸಿ ನೋಡಿದೆ. ಚೊಕ್ಕಟವಾಗಿದೆ.

ಹೆಜ್ಜೆ. ರಕ್ತದ ಹೆಜ್ಜೆ.

ಸ್ಟೂಲಿನ ಪಕ್ಕದಲ್ಲಿ ಚಿಕ್ಕ ಬಾಟಲಿ. ವೇಳಾಂಕಣ್ಣಿ ಮಾತೆಯ ಚಿತ್ರ ಅಂಟಿಸಿದ ಎಣ್ಣೆ ಬಾಟಲಿ. ಕಾಲಿಗೆ ಹಚ್ಚುವ ಎಣ್ಣೆ.

ತೋಳಿನ ಹೊಲಿಗೆ ನೋಡಲೇ ಇಲ್ಲ. ಚಪ್ಪಲಿ ಇಲ್ಲವೆಂದು ಗೊತ್ತಾದ ಕೂಡಲೇ ಬೇರೇನನ್ನೂ ನೋಡಲಿಲ್ಲ. ನೋಡಿದ್ದರೆ ನನ್ನದೇ ಹೊಲಿಗೆ ಇರುತ್ತಿತ್ತು. ಅವಳ ಬ್ಲೌಸನ್ನು ಇನ್ಯಾರೂ ಹೊಲಿದಿಲ್ಲ.

ಸೆಪ್ಟೆಂಬರ್ 10

ಪೂಂಗೋದೈ ಅಳುತ್ತಲೇ ಎಲ್ಲ ಹೇಳಿದಳು. ಕೊಯಮತ್ತೂರು ಸುಳ್ಳು. ನನ್ನ ಕಾಲಿಗೆ, ನನ್ನ ಎದೆಗೆ, ನನ್ನ ಮಂಡೆಗೆ ಹರಕೆ ಹೊತ್ತು ಆರೋಕ್ಯಂ ತಿರುಚ್ಚಿಯಿಂದ ವೇಳಾಂಕಣ್ಣಿಗೆ ನಡೆದಳಂತೆ, ಹರಕೆಯ ಕಾವಿ ಉಟ್ಟು, ಬರಿಗಾಲಲ್ಲಿ, ಕಾದ ಟಾರು ರಸ್ತೆಯಲ್ಲಿ. ಅಲ್ಲಿ ತಲೆಗೂದಲು ಕೊಟ್ಟಳಂತೆ. ಸಕ್ಕರೆ ಕಾಯಿಲೆಯ ಕಾಲು. ಬೊಬ್ಬೆ ಎದ್ದು ಒಡೆದದ್ದೂ ತಿಳಿದಿಲ್ಲ. ನನಗೆ ಹೇಳಿದ್ದರೆ ಬಿಡುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ.

"ಹೊರಡೋ ದಿನ ಚಪ್ಪಲಿ ನಮ್ಮನೇಲೇ ಬಿಟ್ಟು ಹೋದಳು ಕಣೇ. ವಾಪಸ್ ಬಂದು ನಿನಗೆ ಎಣ್ಣೆ ಕೊಟ್ಟ ಮೇಲೇನೇ ಹಾಕ್ಕೊಳ್ಳೋದು ಅಂತ."

ಬಸ್ಸಿಳಿದು ನೇರ ನನ್ನ ಮನೆಗೆ ಬಂದಿದ್ದಾಳೆ. ಇಲ್ಲಿಂದ ಹೋದವಳು, ಪೂಂಗೋದೈ ಮನೆಗೂ ಬೀಗ ಕಂಡು, ಬೀದಿ ನಲ್ಲಿಯ ಹತ್ತಿರ ಹೋಗಿ ಬಿದ್ದಿದ್ದಾಳೆ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ.

ಈಗ ದೊಡ್ಡಾಸ್ಪತ್ರೆಯಲ್ಲಿ.

ನನ್ನನ್ನು ಏನು ಮಾಡಿದರೂ ಸಾಲದು.

ಸೆಪ್ಟೆಂಬರ್ 13

ಆಸ್ಪತ್ರೆಗೆ ಹೋಗಿದ್ದೆ. ಹಾಸಿಗೆಯ ಹತ್ತಿರ ನಿಂತೆ. ಅವಳೇ ಶುರು ಮಾಡಿದಳು.

"ಕಟ್ಟಳೆ ಹಾಕಿದೋಳೂ ನಾನೇ, ಸಿಕ್ಕಾಕ್ಕೊಂಡೋಳೂ ನಾನೇ. ನೀನು ಮಷಿನ್ ತುಳಿಯೋದು ನೋಡಿ ನಗು ಬಂತು ಕಣೇ. ಪರವಾಗಿಲ್ಲ, ಹೇಳಿದ ಮಾತು ಕೇಳ್ತಾಳೆ ಅಂತ."

"ನೀರು ಕೇಳಿದೆಯಲ್ಲೇ…"

"ಈಗ್ಲೂ ಕೇಳ್ತಿದೀನಿ. ಇವರು ಕೊಡಲ್ಲ. ಕಾಲಿಗೆ ಆಪರೇಷನ್ ಅಂತೆ, ಬಾಯಿಗೇನೂ ಹಾಕ್ಬಾರ್ದಂತೆ." ತುಟಿ ನೆಕ್ಕಿಕೊಂಡಳು. "ಇರಲಿ ಬಿಡು. ನಿಮ್ಮನೇಗೆ ಬಂದು ಕುಡೀತೀನಿ. ಆ ಹಿತ್ತಾಳೆ ಲೋಟದಲ್ಲಿ. ಕೊಡ್ತೀಯ ತಾನೇ?"

ಕೊಡುತ್ತೇನೆ ಎಂದೆ.

"ಡಾಕ್ಟರಿಗೂ ಹೇಳ್ತೀಯ?"

ಹೇಳುತ್ತೇನೆ ಎಂದೆ. ಅವಳ ಬೋಳು ತಲೆ ಮುಟ್ಟಿದೆ. ಕೆಂಡದ ಹಾಗೆ ಸುಡುತ್ತಿತ್ತು.

ಸೆಪ್ಟೆಂಬರ್ 15

ಡಾಕ್ಟರಿಗೆ ಹೇಳಿದೆ. "ಎರಡು ತಿಂಗಳಿಂದ ಯಾಕಮ್ಮಾ ಮುಚ್ಚಿಟ್ರಿ?" ಎಂದು ಬೈದರು. ಆ ಒಂದು ಮಾತ್ರೆ ನಿಲ್ಲಿಸಿ ಬೇರೆಯದು ಬರೆದರು. ಕೋರ್ಸ್ ಮುಂದುವರಿಯುತ್ತದೆ. ಇಷ್ಟೇ. ಜುಲೈಯಲ್ಲೇ ಮುಗಿಯಬಹುದಾಗಿದ್ದ ಐದು ನಿಮಿಷದ ಮಾತು. ಅವಳು ನಡೆಯಬೇಕಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಸೆಪ್ಟೆಂಬರ್ 24

ಮುದುಕಿ ಬರುವುದು ನಿಂತಿದೆ. ಇಡೀ ಮಧ್ಯಾಹ್ನ ಸ್ಟೂಲ್ ನೋಡುತ್ತ ಕೂತಿದ್ದೆ. ಬರೀ ಸ್ಟೂಲ್.

ಆರೋಕ್ಯಂನ ಒಂದು ಪಾದವನ್ನು ಕಣಕಾಲಿನವರೆಗೆ ತೆಗೆದರು. ಜ್ವರ ಇಳಿಯುತ್ತಿಲ್ಲ. ಪೂಂಗೋದೈ ಹಗಲು ಅಲ್ಲೇ ಇರುತ್ತಾಳೆ. ಆ ವಾರ್ಡಿಗೆ ನೀವು ದಿನಾ ಬರಬೇಡಿ ಎಂದು ನನಗೆ ಹೇಳಿದ್ದಾರೆ, ನನ್ನ ಮೈಗೂ ಒಳ್ಳೆಯದಲ್ಲವಂತೆ. ಅವರಿಬ್ಬರಿಗಾಗಿ ಗಂಜಿ ಮಾಡಿ ಕಳಿಸುತ್ತೇನೆ. ನನ್ನ ನಾಲಿಗೆಗೆ ರುಚಿ ತಿಳಿಯದು, ಉಪ್ಪು ಅಂದಾಜಿಗೆ.

ಪೂಂಗೋದೈ ಮನೆಯಿಂದ ಆರೋಕ್ಯಂ ಚಪ್ಪಲಿ ತಂದೆ. ಹಿಮ್ಮಡಿ ಸವೆದ ನೀಲಿ ಹವಾಯಿ. ತೊಳೆದು, ನನ್ನ ಹೊಸ್ತಿಲಾಚೆ ಇಟ್ಟಿದ್ದೇನೆ. ಇನ್ನು ಅವಳು ಯಾವಾಗ ಬಂದರೂ, ಹೇಗೆ ಬಂದರೂ, ಬಾಗಿಲಲ್ಲಿ ಅವಳ ಚಪ್ಪಲಿ ಇರುತ್ತದೆ. ಇನ್ನೊಮ್ಮೆ ತಪ್ಪಾಗಬಾರದು.

ಅಕ್ಟೋಬರ್ 1

ಪೂಂಗೋದೈ ಬೆಳಿಗ್ಗೆ ಬೇಗನೇ ಆಸ್ಪತ್ರೆಗೆ ಹೊರಟಳು. ಗಂಜಿ ಡಬ್ಬಿ ಬೇಡ ಎಂದಳು.

ಅಕ್ಟೋಬರ್ 2, ಮಧ್ಯಾಹ್ನ

ಬೀದಿಯಲ್ಲಿ ಸದ್ದಿಲ್ಲ. ಕಾಗೆಯೂ ಇಲ್ಲ. ಬ್ಲೌಸಿಗೆ ಗುಂಡಿ ಹಾಕುತ್ತಿದ್ದೆ.

ಆರೋಕ್ಯಂ ಸ್ಟೂಲಿನ ಮೇಲೆ ಕೂತಿದ್ದಾಳೆ.

ಬಾಗಿಲ ಸದ್ದು ಕೇಳಲಿಲ್ಲ. ಕಾವಿ ಸೀರೆ. ತಲೆಯ ಮೇಲೆ ಕೂದಲು ಸಣ್ಣಗೆ ಚಿಗುರಿದೆ. ಸೀರೆಯ ನೆರಿಗೆ ನೆಲದವರೆಗೆ ಇಳಿದಿದೆ, ಕಾಲು ಕಾಣುವುದಿಲ್ಲ. ದಣಿದ ಹಾಗಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ.

ಆ ಮಾತ್ರೆ ನಿಂತು ಎರಡು ವಾರದ ಮೇಲಾಯಿತು.

ಹೊಸ್ತಿಲಾಚೆ ಚಪ್ಪಲಿ ಇದೆ. ನಾನೇ ಇಟ್ಟದ್ದು.

ತೋಳಿನ ಹೊಲಿಗೆ ಸೆರಗಿನ ಅಡಿಯಲ್ಲಿದೆ. ಸೆರಗು ಸರಿಸಿ ನೋಡಬಹುದು. ನೋಡುವುದಿಲ್ಲ.

ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಿದೆ. ಪೂಂಗೋದೈ. ನಿಂತಿತು. ಮತ್ತೆ ಬಡಿದುಕೊಳ್ಳುತ್ತಿದೆ.

"ನೀರು ಕೊಡೇ," ಎಂದಳು.

ಫೋನ್ ಆಮೇಲೆ. ಅದು ಏನೇ ಹೇಳಲಿ, ಆಮೇಲೆ. ಹಿತ್ತಾಳೆ ಲೋಟ ತೊಳೆದು, ಮಡಕೆಯ ನೀರು ತುಂಬಿ, ಅವಳ ಮುಂದೆ ಹಿಡಿದಿದ್ದೇನೆ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಈ ಪೆನ್ನು. ಕುಡಿ ಆರೋಕ್ಯಂ. ಹೊಟ್ಟೆ ತುಂಬ ಕುಡಿ. ಕೈ ಚಾಚಿದಳು. ಲೋಟ ಹಗುರ ಆಗುತ್ತಿ—