ಮೂರು ಎಣಿಸುವವರೆಗೆ ಬಗ್ಗಿ

ಮೇ 14, ಬುಧವಾರ

…ಹೆಸರು ಇದ್ದ ಮೇಲೆ ಇನ್ನೇನು, ಅಂದರೋ, ಹೆಸರೇ ಇದೆಯಲ್ಲ, ಅಂದರೋ. ಸುಗಾಯಾ ಆಡಿದ ಮಾತು. ತಲೆಯಲ್ಲಿ ಎರಡೂ ಬಗೆಯಾಗಿ ಕೇಳಿಸುತ್ತಿದೆ. ಅರ್ಥ ಒಂದೇ.

ಮೊದಲ ಪೀರಿಯಡ್ ಮುಗಿಸಿ ಝೆರಾಕ್ಸ್ ತೆಗೆಯುತ್ತಿದ್ದೆ. ಸುಗಾಯಾ ಬಾಗಿಲಲ್ಲಿ ಶೂ ಕಳಚುತ್ತಿದ್ದರು. ಶಾಲೆಯ ಹಿಂದಿನ ಓಣಿಯ ನೆರೆಹೊರೆ ಸಂಘಕ್ಕೆ ಅವರೇ ಮುಖ್ಯಸ್ಥರು. ತಮ್ಮ ಕ್ಷೌರದಂಗಡಿ ಮುಚ್ಚಿ ಆರು ವರ್ಷ. ಕಸ ಇಡುವ ಕಟ್ಟೆ ಅವರ ಮನೆಯ ಎದುರಿಗೇ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ನೆನೆದು ಒಣಗಿದ ಒಂದು ಹಾಳೆ.

"ಸೋಮವಾರ ಬೆಳಿಗ್ಗೆ ಕಟ್ಟೆ ಮೇಲೆ ಒಂದು ಬ್ಯಾಗು. ನಮ್ಮಲ್ಲಿ ಕಸದ ಗಾಡಿ ಬರೋದು ಬುಧವಾರ, ಶನಿವಾರ. ಐದು ಭಾಷೇಲಿ ಬೋರ್ಡ್ ಹಾಕ್ಸಿದೀನಿ. ಮೇಲೆ ಬಲೆನೂ ಹೊದೆಸಿಲ್ಲ. ಕಾಗೆ ಸುಮ್ನಿರ್ತಾವಾ? ರಸ್ತೆ ತುಂಬಾ ಡೈಪರು. ಅದೂ ದೊಡ್ಡೋರದ್ದು. ಸ್ಕೂಲ್ ಮಕ್ಕಳು ಮೂಗು ಮುಚ್ಕೊಂಡು ಹೋಗ್ತಿದ್ರೆ ನಾನು ಇಕ್ಕಳ ಹಿಡ್ದು ಆರಿಸ್ದೆ."

ಹಾಳೆಯನ್ನು ಮೇಜಿನ ಮೇಲಿಟ್ಟರು. ವಿದೇಶಿಯರಿಗೆ ಜಪಾನಿ ಭಾಷೆ ಕಲಿಸುವ ನಮ್ಮ ಶಾಲೆಯ ಪ್ರಬಂಧದ ಹಾಳೆ. ಕೊನೆಯಲ್ಲಿ ಹೆಸರು: ಥೂಜಾ ಲಿನ್.

ಪ್ರಾಂಶುಪಾಲೆ ಮಿಜೋಬೆ ಕನ್ನಡಕ ತೆಗೆದರು. "ನೊಮಿಯಾಮಾ-ಸೆನ್ಸೆ, ನಿಮ್ಮ ಕ್ಲಾಸಿನ ಹುಡುಗಿ ಅಲ್ವಾ? ಹೊಳೆ ಪಕ್ಕದ ವೃದ್ಧಾಶ್ರಮದಲ್ಲಿ ಸಂಜೆ ಕೆಲಸ ಮಾಡ್ತಾಳಲ್ಲ, ಬರ್ಮಾದವಳು. ಅಲ್ಲಿಂದ ತಂದು ಹಾಕಿರ್ಬೇಕು."

ಹೌದು, ನನ್ನ ಕ್ಲಾಸಿನವಳು, ಅಂದೆ. ಅಷ್ಟೇ ಅಂದೆ. ಅದು ಸುಳ್ಳಲ್ಲ.

ಮೇ 15, ಗುರುವಾರ

ಬ್ಯಾಗು ನನ್ನದು.

ಬರೆದು ನೋಡಿದೆ. ಎರಡೇ ಪದ. ನಿನ್ನೆ ಬಾಯಿಗೆ ಬರಲಿಲ್ಲ.

ಫೆಬ್ರವರಿಯ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಮೂತ್ರ ಹಿಡಿತಕ್ಕೆ ಬಂದಿಲ್ಲ. ಶಾಲೆಯಲ್ಲಿ ಆಪರೇಷನ್ ಎಂದಷ್ಟೇ ಹೇಳಿ ರಜೆ ಹಾಕಿದ್ದೆ. ಐವತ್ತಾರು ವಯಸ್ಸು, ಒಂಟಿ ಮನೆ. ಇಲ್ಲಿನ ನಿಯಮದ ಪ್ರಕಾರ ಕಸದ ಬ್ಯಾಗು ಪಾರದರ್ಶಕವಾಗಿರಬೇಕು. ಮಾರ್ಚ್‌ನಲ್ಲಿ ನಮ್ಮ ಕಟ್ಟಡದ ಕಸದ ಸರದಿಯಲ್ಲಿದ್ದ ಕೆಳಮನೆಯಾಕೆ ಬ್ಯಾಗನ್ನೂ ನನ್ನನ್ನೂ ನೋಡಿ, "ಮನೇಲಿ ಯಾರಾದ್ರೂ ವಯಸ್ಸಾದೋರು ಬಂದಿದಾರಾ?" ಅಂದರು. ಮರ್ಯಾದೆಯಿಂದಲೇ ಕೇಳಿದ್ದು. ಹೌದು, ಅಂದೆ.

ಅಂದಿನಿಂದ ಸೈಕಲ್ಲಿಗೆ ಕಟ್ಟಿಕೊಂಡು, ಎರಡು ಸ್ಟೇಷನ್ ಆಚೆ, ಶಾಲೆಯ ಹಿಂದಿನ ಕಟ್ಟೆಗೆ. ಅಲ್ಲಿ ಯಾರ ಕಣ್ಣಿಗೂ ನನ್ನ ಬ್ಯಾಗು ನನ್ನದಾಗಿ ಕಾಣುವುದಿಲ್ಲ. ಈ ಸಲ ದಿನ ತಪ್ಪಿತು — ನಮ್ಮ ಕಟ್ಟಡಕ್ಕೆ ಗಾಡಿ ಬರುವುದು ಸೋಮವಾರ, ಅಭ್ಯಾಸಬಲ.

ಒಳಗಿನದು ಕಾಣದಿರಲಿ ಎಂದು ಜನ ಬ್ಯಾಗಿನ ಸುತ್ತ ನ್ಯೂಸ್‌ಪೇಪರ್ ಒತ್ತಿಡುತ್ತಾರೆ. ನಾನು ಪೇಪರ್ ತರಿಸುವುದಿಲ್ಲ. ಆಪರೇಷನ್‌ಗೆ ಮೊದಲು ತಿದ್ದಿ, ಹಿಂದಿರುಗಿಸದೆ ಉಳಿದಿದ್ದ ಹದಿನಾಲ್ಕು ಪ್ರಬಂಧಗಳಿದ್ದವು. ಮೇಲಿದ್ದ ಹೆಸರುಗಳನ್ನೆಲ್ಲ ಹರಿದೆ. ಥೂಜಾ ಪತ್ರ ಬರೆಯುವವಳ ಹಾಗೆ ಕೊನೆಯಲ್ಲೂ ಹೆಸರು ಹಾಕುತ್ತಾಳೆ. ಹಾಗೆ ಮಾಡಬಾರದೆಂದು ಎರಡು ಸಲ ಹೇಳಿದ್ದೆ.

ಏಪ್ರಿಲ್‌ನಲ್ಲಿ ಕೇಳಿದ್ದಳು: "ಸೆನ್ಸೆ, ನಮ್ಮ ಪ್ರಬಂಧ?" ಇನ್ನೂ ನೋಡಿಲ್ಲ, ಅಂದಿದ್ದೆ.

ಮೇ 16, ಶುಕ್ರವಾರ. ಸಂಜೆ 4

ಥೂಜಾಳನ್ನು ಆಫೀಸಿಗೆ ಕರೆಸಿದರು. ಆಶ್ರಮದ ಕೆಲಸದ ಕಪ್ಪು ಪ್ಯಾಂಟಿನಲ್ಲೇ ಬಂದಿದ್ದಳು, ಐದಕ್ಕೆ ಪಾಳಿ. ಇಪ್ಪತ್ನಾಲ್ಕು ವಯಸ್ಸು. ಬರುವ ವರ್ಷ ಅವಳನ್ನು ಶುಶ್ರೂಷೆ ಕಲಿಸುವ ಕಾಲೇಜಿಗೆ ಸೇರಿಸಿ ಓದಿಸುವುದಾಗಿ ಆಶ್ರಮದವರು ಒಪ್ಪಿದ್ದಾರೆ. ಅದು ತಪ್ಪಿದರೆ ವೀಸಾ ಇಲ್ಲ. ಅವಳು ಊರಿಗೆ ಹೋಗುವ ಹಾಗೂ ಇಲ್ಲ. ಅಲ್ಲಿನ ಸೇನಾ ಸರ್ಕಾರದ ಕಣ್ಣು ತಪ್ಪಿಸಿ ಅವಳ ತಮ್ಮ ಹೊರಟುಹೋದ ಮೇಲೆ ಮನೆಗೆ ಎರಡು ಸಲ ಸೈನಿಕರು ಬಂದಿದ್ದರಂತೆ.

ಮಿಜೋಬೆ ಫೈಲನ್ನು ಅವಳ ಕಡೆಗೆ ತಿರುಗಿಸಿದರು. "ಇದು ನಿನ್ನದಾ?"

"ಹಾಳೆ ನಂದು."

"ಮತ್ತೆ ಬ್ಯಾಗು?"

ಹಾಳೆಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು. ಆಮೇಲೆ ನನ್ನನ್ನು. ನಾನು ಪೆನ್ನುಗಳನ್ನು ಒಂದೇ ಅಳತೆಗೆ ಜೋಡಿಸುತ್ತಿದ್ದೆ.

"ನಂದೇ. ತಪ್ಪಾಯ್ತು."

ಮಿಜೋಬೆ ಉಸಿರು ಬಿಟ್ಟರು. "ನೋಡಮ್ಮ, ಇಷ್ಟು ಬೇಗ ಒಪ್ಕೊಂಡ್ಯಲ್ಲ, ಒಳ್ಳೇದು. ತಪ್ಪೊಪ್ಪಿಗೆ ಬರೆದುಕೊಡು. ಸೆನ್ಸೆ ತಿದ್ದಿಕೊಡ್ತಾರೆ. ಮಂಗಳವಾರ ಸುಗಾಯಾ-ಸಾನ್ ಮನೆಗೆ ಹೋಗಿ ಬನ್ನಿ, ಇಬ್ಬರೂ."

ಯಾಕೆ ಒಪ್ಪಿಕೊಂಡಳು? ಈ ಮಕ್ಕಳು ವಾದ ಮಾಡುವುದಿಲ್ಲ. ವಾದ ಮಾಡಿ ಗೆದ್ದವರನ್ನು ನೋಡಿಲ್ಲ. ಹಾಗೆಂದುಕೊಂಡೆ. ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು.

ಮೇ 18, ಭಾನುವಾರ

ತಪ್ಪೊಪ್ಪಿಗೆ ತಿದ್ದಿದೆ. ಒಂದು ಪುಟ. ಬ್ಯಾಗು ಆಶ್ರಮದಿಂದ ತಂದದ್ದು, ಹಾಸ್ಟೆಲಿನಲ್ಲಿ ಇಡಲು ಮುಜುಗರವಾಯಿತು, ಯಾರೂ ಇಲ್ಲದ ಹೊತ್ತು ನೋಡಿ ಇಟ್ಟೆ, ಎಂದು ಬರೆದಿದ್ದಾಳೆ. ಮುಜುಗರದ ಮಾತು ಅವಳಿಗೆ ಹೇಗೆ ಹೊಳೆಯಿತೋ. ನಾನೇ ಬರೆದಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಎರಡು ಕಡೆ ಕೆಂಪು ಗೆರೆ ಎಳೆದೆ. ಪೆನ್ನು ಹಿಡಿದರೆ ಕೈ ತಾನೇ ಹೋಗುತ್ತದೆ.

ಮೇ 20, ಮಂಗಳವಾರ

ಸ್ಟೇಷನ್ ಅಂಗಡಿಯಲ್ಲಿ ಸಿಹಿಯ ಡಬ್ಬಿ ತೆಗೆದುಕೊಂಡೆ. ಕ್ಷಮೆ ಕೇಳಲು ಹೋಗುವಾಗ ಭಾರವಿರುವ ಸಿಹಿಯೇ ಆಗಬೇಕು, ಕೆಂಪು ಕಾಳಿನ ಹೂರಣದ್ದು. ಡಬ್ಬಿಯನ್ನು ಅವಳು ಹಿಡಿದಿದ್ದಳು.

ಓಣಿಯಲ್ಲಿ ಹೋಗುತ್ತ ಪಾಠದ ಧ್ವನಿಯಲ್ಲೇ ಹೇಳಿದೆ — ಸೊಂಟದಿಂದ ಬಗ್ಗಬೇಕು, ಬೆನ್ನು ನೇರ, ಮನಸ್ಸಿನಲ್ಲಿ ಮೂರು ಎಣಿಸುವವರೆಗೆ. "ಗೊತ್ತು ಸೆನ್ಸೆ. ಹನ್ನೊಂದನೇ ಪಾಠ," ಅಂದಳು.

ಸುಗಾಯಾ ಬಾಗಿಲು ತೆರೆದರು. ಹೊಸ್ತಿಲಲ್ಲೇ ಫೈಲಿನಿಂದ ಹಾಳೆ ತೆಗೆದು ಅವಳ ಕೈಗಿಟ್ಟರು. "ತಗೊಳ್ಳಮ್ಮ. ನಿನ್ನ ವಸ್ತು ನಿನಗೆ." ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಂಚಿನಲ್ಲಿ ನನ್ನ ಕೆಂಪು ಶಾಯಿ ಹರಡಿ ಗುಲಾಬಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಗ್ಗಿದಳು. ನಾನೂ ಬಗ್ಗಿದೆ. ಮೂರು ಎಣಿಸಿದೆ. ಅವಳು ಏಳಲಿಲ್ಲ. ಐದರವರೆಗೆ ಎಣಿಸಿದೆ. ಏಳುವಂತೆ ಅವಳಿಗೆ ಹೇಳುವ ಅಧಿಕಾರ ಯಾರದು ಎಂದು ತಿಳಿಯಲಿಲ್ಲ.

"ಸಾಕು, ಸಾಕು. ಕೆಲಸ ಕಲಿಯೋವಾಗ ನಾನೂ ಒಬ್ಬ ಗಿರಾಕಿ ಕಿವಿ ಕುಯ್ದಿದ್ದೆ. ಒಪ್ಕೊಂಡ್ರೆ ಮುಗೀತು. ಏನಮ್ಮಾ, ಬಾರ್ಲಿ ಟೀ ಕುಡೀತೀಯಾ?" ಆಮೇಲೆ ನನಗೆ: "ನೀವ್ಯಾಕೆ ಸೆನ್ಸೆ ಇಷ್ಟು ಬಗ್ತೀರಿ, ತಪ್ಪು ನಿಮ್ಮದಲ್ವಲ್ಲ."

ಮೂವರೂ ಟೀ ಕುಡಿದೆವು. ಅದು ಚೆನ್ನಾಗಿತ್ತು. ಬರೆಯಲು ನಾಚಿಕೆ, ಆದರೆ ಚೆನ್ನಾಗಿತ್ತು.

ಜೂನ್ 3, ಮಂಗಳವಾರ

ಆಶ್ರಮದಿಂದ ಫೋನು. ತಪ್ಪೊಪ್ಪಿಗೆಯ ಪ್ರತಿ ಅವರಿಗೂ ಹೋಗಿತ್ತು. ಓದಿಸುವ ಒಪ್ಪಂದ ರದ್ದು. ಸಂಜೆಯ ಕೆಲಸವೂ ಇಲ್ಲ.

"ವಿಚಿತ್ರ ನೋಡಿ," ಮಿಜೋಬೆ ಅಂದರು. "ಅವರಲ್ಲಿಂದ ಏನೂ ಹೊರಗೆ ಹೋಗಿಲ್ವಂತೆ. ಅವರು ಬಳಸೋ ಡೈಪರೇ ಬೇರೆ ಥರದ್ದಂತೆ. ಆದ್ರೆ ಅವಳೇ ಬರೆದು ಕೊಟ್ಟಿದಾಳಲ್ಲ. ಬರೆದಿದ್ದನ್ನ ಇಲ್ಲ ಅನ್ನೋಕಾಗುತ್ತಾ?"

"ಮಿಜೋಬೆ-ಸಾನ್, ಆ ಬ್ಯಾಗು…"

"ಆ ಬ್ಯಾಗಿನ ಸುದ್ದಿ ಸಾಕಪ್ಪಾ. ಬಾಗಿಲ ಮೇಲೆ ಅಂಬರಗುಬ್ಬಿ ಮರಿ ಮಾಡಿದೆ, ನೋಡಿದ್ರಾ? ಕೆಳಗೆ ಒಂದು ಕೊಡೆ ತಿರುಗಿಸಿ ಕಟ್ಬೇಕು. ಬರೋರ ತಲೆ ಮೇಲೆ ಹಿಕ್ಕೆ ಹಾಕ್ತಾವೆ."

ಕೊಡೆ ತಂದು ಕಟ್ಟಿದೆ. ಏಣಿಯ ಮೇಲೆ ನಿಂತಿದ್ದಾಗ, ಇಳಿದ ತಕ್ಷಣ ಹೇಳುತ್ತೇನೆ ಎಂದುಕೊಂಡೆ. ಇಳಿದೆ.

ಜೂನ್ 4, ಬುಧವಾರ

ಇವತ್ತು ಹೇಳುವುದು.

ಜೂನ್ 19, ಗುರುವಾರ

ಕ್ಲಾಸಿನಲ್ಲಿ ಉಜ್ಬೇಕಿಸ್ತಾನದ ಜಾಸುರ್ ಬಾಳೆಹಣ್ಣಿನ ಸಿಪ್ಪೆ ಎತ್ತಿ ಹಿಡಿದ. "ಥೂಜಾ-ಸಾನ್, ಇದಕ್ಕೂ ನಿನ್ನ ಹೆಸರು ಹಾಕ್ಲಾ?" ಎಲ್ಲರೂ ನಕ್ಕರು. ಅವಳೂ ನಕ್ಕಳು. "ಹಾಕೋ. ಆದ್ರೆ ಬುಧವಾರ ಇಡು, ಇವತ್ತಲ್ಲ."

ಎಲ್ಲರಿಗಿಂತ ಜೋರಾಗಿ ನಗು ಬಂದದ್ದು ನನಗೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಬೇಕಾಯಿತು.

ಅವಳು ದೂರದ ಗುನ್ಮಾ ಪ್ರಾಂತ್ಯಕ್ಕೆ ಹೊರಟಿದ್ದಾಳೆ. ಅಲ್ಲಿ ಒಂದು ಆಹಾರದ ಕಾರ್ಖಾನೆ, ಬೇರೆ ಥರದ ವೀಸಾ, ಐದು ವರ್ಷ. ಗೆಡ್ಡೆ ಸುಲಿಯುವ ಕೆಲಸ. ಉಳಿಯುವ ದಾರಿಯಾಯಿತು, ಒಳ್ಳೆಯದೇ ಆಯಿತು ಎಂದು ಮಿಜೋಬೆ ಅನ್ನುತ್ತಾರೆ. ಶುಶ್ರೂಷೆಯ ಕೆಲಸ ಅವಳಿಗೆ ಎಷ್ಟು ದೊಡ್ಡದೆಂದು ಅವಳ ಪ್ರಬಂಧ ಓದಿದವರಿಗೆ ಗೊತ್ತು. ಓದಿದವನು ನಾನೊಬ್ಬನೇ. ಅಜ್ಜಿಯ ಬೆನ್ನು ಉಜ್ಜುವ ಬೆಳಗಿನ ಬಗ್ಗೆ ಬರೆದಿದ್ದಳು. 'ಚೆನ್ನಾಗಿದೆ' ಎಂದು ಕೆಂಪಿನಲ್ಲಿ ಬರೆದು, ಮೂರು ತಿಂಗಳು ಇಟ್ಟುಕೊಂಡು, ಆಮೇಲೆ…

ಜೂನ್ 27, ಶುಕ್ರವಾರ

ಕೊನೆಯ ದಿನ. ಸೂಟ್‌ಕೇಸ್ ಬಾಗಿಲಲ್ಲೇ ಬಿಟ್ಟು ಸ್ಟಾಫ್ ರೂಮಿಗೆ ಬಂದಳು. ನಾನೊಬ್ಬನೇ ಇದ್ದೆ.

"ಹೋಮ್‌ವರ್ಕ್ ಬಾಕಿ ಇತ್ತು ಸೆನ್ಸೆ."

ಎರಡು ಹಾಳೆ. ಒಂದು ಹಳೆಯದು, ನೆನೆದು ಒಣಗಿದ್ದು. ಇನ್ನೊಂದು ಹೊಸದು. ಅದೇ ಪ್ರಬಂಧ, ನನ್ನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಚೆಂದದ ಅಕ್ಷರದಲ್ಲಿ ಬರೆದದ್ದು. ಒಂದೂ ಬಿಟ್ಟಿಲ್ಲ. ಹೆಸರು ಮೇಲೆ ಮಾತ್ರ ಇದೆ, ಕೊನೆಯಲ್ಲಿ ಇಲ್ಲ.

ತಿದ್ದಿದ ಪ್ರಬಂಧವನ್ನು ನಾನು ಅವಳಿಗೆ ಹಿಂದಿರುಗಿಸಿಯೇ ಇರಲಿಲ್ಲ. ನೆನೆದ ಹಾಳೆಯ ಮೇಲಿನ ಕೆಂಪು ಶಾಯಿಯ ಅರ್ಥ ಶಾಲೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ನಮ್ಮಿಬ್ಬರಿಗೆ ಬಿಟ್ಟು.

ಏನಾದರೂ ಹೇಳಬೇಕಿತ್ತು. "ಅಲ್ಲಿ ಚಳಿ ಜಾಸ್ತಿ," ಅಂದೆ.

ಹೂಂ, ಅಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಸ್ವರ ತಗ್ಗಿಸಿ, ಆಶ್ರಮದ ಮುದುಕರೊಡನೆ ಮಾತಾಡುವ ಹಾಗೆ:

"ಸೆನ್ಸೆ, ಆ ಆಪರೇಷನ್ ಆದೋರಿಗೆ ಆರು ತಿಂಗಳಲ್ಲಿ ಕಮ್ಮಿ ಆಗುತ್ತೆ. ನಮ್ಮಲ್ಲಿ ಇಬ್ಬರಿಗೆ ಆಯ್ತು. ದಿನಾ ಎಕ್ಸರ್‌ಸೈಜ್ ಮಾಡ್ಬೇಕು. ನೀರು ಕುಡಿಯೋದು ಬಿಡ್ಬೇಡಿ. ಬಿಟ್ರೆ ಜಾಸ್ತಿ ಆಗುತ್ತೆ."

ಬಗ್ಗಿದಳು. ಮೂರು ಎಣಿಸುವಷ್ಟು, ಪಾಠದಲ್ಲಿದ್ದ ಹಾಗೆ. ಓಣಿಯ ಟಾರಿನ ಮೇಲೆ ಸೂಟ್‌ಕೇಸಿನ ಚಕ್ರದ ಸದ್ದು ಸುಗಾಯಾ ಮನೆಯವರೆಗೆ ಕೇಳಿಸಿತು, ಅಲ್ಲಿ ನಿಂತಿತು. ಸುಗಾಯಾ ಏನೋ ಅಂದರು, ಅವಳು ಏನೋ ಅಂದಳು, ಇಬ್ಬರೂ ನಕ್ಕರು. ಮತ್ತೆ ಚಕ್ರ.

ಹೊಸ ಹಾಳೆ ನನ್ನ ಮುಂದಿದೆ. ತಿದ್ದಲು ಏನೂ ಇಲ್ಲ. ನಾಳೆ ಮಿಜೋಬೆಗೆ ಹೇಳಿದರೂ ಗುನ್ಮಾದಿಂದ ಅವಳನ್ನು ವಾಪಸು ತರಲು ಆಗುವುದಿಲ್ಲ. ಹೇಳದೆ ಇರಲು ಇದು ಹೊಸ ಕಾರಣ, ಇದೂ ಅನುಕೂಲವಾಗಿಯೇ ಇದೆ.

ಥೂಜಾ-ಸಾನ್, ಅವತ್ತು ಆಫೀಸಿನಲ್ಲಿ ಹಾಳೆ ನೋಡಿ, ಆಮೇಲೆ ನನ್ನನ್ನು ನೋಡಿದೆಯಲ್ಲ — ನಾನು ಪೆನ್ನು ಜೋಡಿಸುವುದು ಬಿಟ್ಟು ತಲೆ ಎತ್ತಲಿ ಎಂದು, ನೀನು ಎಷ್ಟರವರೆಗೆ ಎಣಿಸಿದೆ?