ಮಾಮ ಮೇಜು ಕುಟ್ಟಿದ್ದು

ಮಾರ್ಚ್ ೧೧, ಬುಧವಾರ

ಅಮ್ಮಾ,

ನಿನ್ನ ಕಾಗದ ನಿನ್ನೆ ಬಂತು. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೀಯ ಅಂತ ತಿಳಿಯಿತು. ಅಷ್ಟರೊಳಗೆ ಇದು ನಿನ್ನ ಕೈ ಸೇರಬೇಕು ಅಂತ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈದುಕೋ, ಆದರೆ ಪೂರ್ತಿ ಓದು. ನಿಂತು ಓದಬೇಡ. ಇಸ್ತ್ರಿಪೆಟ್ಟಿಗೆ ಆರಿಸಿ, ಕೂತುಕೊಂಡು ಓದು. ಫೋನ್ ಮಾಡಬಹುದಿತ್ತು. ಮಾಡಿಯೂ ಮಾಡಿದೆ. ನೀನು ಹಲೋ ಅನ್ನುವ ಮೊದಲೇ ಕಟ್ ಆಗುತ್ತಿತ್ತಲ್ಲ, ಅದು ಲೈನಿನ ತಪ್ಪಲ್ಲ, ನಾನೇ ಇಡುತ್ತಿದ್ದೆ. ನಾವಿಬ್ಬರೂ ಫೋನಿನಲ್ಲಿ ಬರೀ ಜಗಳ ಆಡುತ್ತೇವೆ, ಮಾತಾಡುವುದು ಕಾಗದದಲ್ಲಿ ಮಾತ್ರ.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಪ್ಪಟಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ರೇಡಿಯೋದಲ್ಲಿ ಮಾಮನ ಹೊಸ ಹಾಡು ಬಂತು, ಎರಡನೇ ಸಾಲಿಗೆ ನಿನ್ನ ಕೈ ನಿಂತುಹೋಯಿತು, ದುಪ್ಪಟಿಯ ಮೇಲೆ ಕಂದು ಕಲೆ ಬಿತ್ತು. 'ಇರು, ಬರ್ತೀನಿ' ಅನ್ನುವಾಗ ನಿನ್ನ ತಮ್ಮ ರಕಾರವನ್ನು ನುಂಗಿ ಎಳೆದ ರೀತಿ ನಾಲ್ಕು ವರ್ಷದ ಮಗುವಾಗಿದ್ದಾಗ ನಿನ್ನ ಸೊಂಟದ ಮೇಲೆ ಕೂತು ಮಾತಾಡುತ್ತಿದ್ದ ಹಾಗೇ ಇತ್ತು. ಇದು ನನ್ನನ್ನೇ ಕರೆದದ್ದು, ಅವನಿಗೆ ಕೋಪ ಇಳಿದಿದೆ, ನನಗೂ ಇಳಿಯಿತು ಅಂತ ಬರೆದಿದ್ದೀಯ. ಆ ಸಾಲಿನ ಹಿಂದೆ 'ಟಕ್' ಅಂತ ಬರುತ್ತಲ್ಲ, ಅದಕ್ಕೆ ಸರಿಯಾಗಿ ಲಾಂಡ್ರಿಯ ಹೆಂಗಸರೆಲ್ಲ ಮೇಜು ಬಡಿಯುತ್ತಾರೆ, ನೀನೂ ಬಡಿಯುತ್ತೀಯ ಅಂತ ಕೂಡ. ಭಾನುವಾರ ಎದುರಿಗೆ ಕೂರಿಸಿಕೊಂಡು ಆ ಒಂದು ಸಾಲು ಹಾಡಿಸಬೇಕು ಅಂತ.

ಅಮ್ಮಾ, ಹಾಡಿಸಬೇಡ. ಅವನಿಗೆ ಆಗುವುದಿಲ್ಲ. ಹಾಡುವುದಿರಲಿ, ನಿನ್ನನ್ನು 'ಅಕ್ಕ' ಅಂತ ಕರೆಯುವುದಕ್ಕೂ ಆಗುವುದಿಲ್ಲ. ಹೋದ ಆಗಸ್ಟಿನಲ್ಲಿ ಮಾಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಅರ್ಧ ಬಂದಿವೆ. ಮಾತು ಬಂದಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಬಾಯಿ ಮಾತ್ರ ಕೇಳುವುದಿಲ್ಲ. ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟವಳು ನಾನು.

ಸುಳ್ಳು ಹೇಳುವುದಿಲ್ಲ ಅಂತ ಹೆಸರು ಮಾಡಿದ ಹುಡುಗಿ ನಾನು, ನಿನಗೇ ಗೊತ್ತು. ಪರೀಕ್ಷೆಯ ದಿನ ಮೇಷ್ಟರು ಬೋರ್ಡಿನ ಮೇಲೆ ಉತ್ತರ ಬರೆದುಕೊಟ್ಟರು ಅಂತ ಇನ್ಸ್‌ಪೆಕ್ಟರ ಮುಂದೆ ಎದ್ದು ಹೇಳಿ, ಕ್ಷಮೆ ಕೇಳು ಅಂದರೆ ಕೇಳದೆ, ಒಂಬತ್ತನೇ ಕ್ಲಾಸಿಗೇ ಚೀಲ ಬಿಸಾಕಿ ಬಂದವಳು. ನೀನು ಮೂರು ದಿನ ಮಾತಾಡಿರಲಿಲ್ಲ. ಆಮೇಲೆ ಮಾಮ ಕರೆಸಿಕೊಂಡ, ನಾನು ಇಲ್ಲಿಗೆ ಬಂದೆ, ನೀನು ಅವನ ಜೊತೆಗೂ ಮಾತು ಬಿಟ್ಟೆ. ಅಂಥವಳು ಏಳು ತಿಂಗಳಿಂದ, ಅವನು ಹೇಗಿದ್ದಾನೆ ಅಂತ ನೀನು ಕೇಳಿದಾಗಲೆಲ್ಲ 'ಮಾಮ ಬಿಜಿ, ಮಾಮ ಮಲಗಿದಾನೆ' ಅಂತ ಹೇಳಿಕೊಂಡು ಬಂದಿದ್ದೇನೆ.

ಮಾಮನ ಕಥೆಯ ಮೊದಲರ್ಧ ನಿನಗೆ ಗೊತ್ತು, ನನಗಿಂತ ಚೆನ್ನಾಗಿ. ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದಾಗ ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಪೈಪು ಕಿತ್ತು ತಂದು, ಒಂದು ತುದಿಯನ್ನು ಕೀಬೋರ್ಡಿನ ಸ್ಪೀಕರಿಗೂ ಇನ್ನೊಂದನ್ನು ತನ್ನ ಬಾಯಿಗೂ ಸಿಕ್ಕಿಸಿಕೊಂಡನಂತೆ. ಗಂಟಲಿಂದ ಒಂದು ಸ್ವರವನ್ನೂ ಹೊರಡಿಸದೆ, ಬರೀ ನಾಲಗೆ ತುಟಿ ಆಡಿಸಿದರೆ ಕೀಬೋರ್ಡು ಮಾತಾಡುತ್ತದೆ. ನೀನು ನೋಡಿ, ಬಾಯಿಗೆ ಪೈಪು ಹಾಕ್ಕೊಂಡು ಬದುಕೋರು ಆಸ್ಪತ್ರೆಯಲ್ಲಿ ಮಾತ್ರ ಕಣೋ ಅಂದೆಯಂತೆ. ಆ ಪೈಪಿನಿಂದಲೇ ಅವನು ಪೈಪಣ್ಣ ಆದ. ಮೊದಲ ರೆಕಾರ್ಡು ಬಂದಾಗ ಬಸ್ಸುಗಳಲ್ಲಿ, ಸ್ಕೇಟಿಂಗ್ ಹಾಲುಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ ಅದೇ. ಪೇಪರಿನವರು ಎಲೆಕ್ಟ್ರೋ-ಫಂಕ್ ಅಂತ ಬರೆದರು. ಮಾಮ ಮಾತ್ರ ಅದನ್ನು ಸೊಂಟಕ್ಕೆ ಕೊಡೋ ಕರೆಂಟು ಅನ್ನುತ್ತಿದ್ದ. ನೀನು ಮೇಲೆ ಮೇಲೆ ಬೈದುಕೊಂಡು, ಅವನ ಫೋಟೋ ಬಂದ ಪೇಪರನ್ನು ಪಾತ್ರೆ ಕಪಾಟಿನೊಳಗೆ ಹಾಸಿದ್ದೆ. ನಾನು ನೋಡಿದ್ದೆ.

ಆಮೇಲಿನದು ನನಗೆ ಗೊತ್ತು. ಕುಣಿಸಿ ಕುಣಿಸಿ ಸಾಕಾಗಿ ಅವನು ಸ್ಟೇಜು ಬಿಟ್ಟು, ಟೈರ್ ಅಂಗಡಿಯ ಮೇಲಿನ ಈ ಕೋಣೆ ಹಿಡಿದು, ಬೇರೆಯವರ ರೆಕಾರ್ಡು ಮಾಡಿಕೊಡತೊಡಗಿದ. ಕಾಗೆಯಾಗಿ ಮೆಟ್ಟಿಲು ಹತ್ತಿದವರು ಕೋಗಿಲೆಯಾಗಿ ಇಳಿದುಹೋದರು. ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು ಬರುತ್ತದಲ್ಲ, ಅದನ್ನೂ ಹಿಡಿದು ತಾಳ ಮಾಡಿದ. ಕಾಲ ಬದಲಾಯಿತು, ಮೆಷಿನ್ ಸಂಗೀತ ಹಳೆಯದಾಯಿತು. ಸಾಬೂನಿನ ಜಾಹೀರಾತು ಮಾಡಿದ. ಲಿಫ್ಟಿನೊಳಗೆ 'ಬಾಗಿಲು ಮುಚ್ಚುತ್ತಿದೆ' ಅನ್ನುವುದನ್ನೂ ಪೈಪಿನಲ್ಲಿ ಮಾಡಿಕೊಟ್ಟ, ಜನ ಹೆದರಿಕೊಂಡರು ಅಂತ ವಾಪಸು ಬಂತು. ಹಾಗಿದ್ದವನನ್ನು ನನ್ನ ವಯಸ್ಸಿನವರು ಮತ್ತೆ ಹುಡುಕಿದರು. ಹಳೆಯ ರೆಕಾರ್ಡು ಕೇಳಿ ಹುಚ್ಚು ಹಿಡಿದವರ ಹಾಗೆ ಬರೆದರು. ರೆಕಾರ್ಡು ಕಂಪನಿಯ ಮ್ಯಾನೇಜರಮ್ಮ ಮೆಟ್ಟಿಲು ಹತ್ತಿ ಬಂದು ಹೊಸ ರೆಕಾರ್ಡು ಬೇಕು ಅಂದಳು. ಮಾಮ ಅವತ್ತು ಗಡ್ಡ ಬೋಳಿಸಿಕೊಂಡ.

ಅವನು ಕೆಲಸ ಮಾಡುವ ರೀತಿ ನಿನಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೈಪು ಬಾಯಲ್ಲಿದ್ದಾಗ ಮಾತಾಡುವ ಹಾಗಿಲ್ಲವಲ್ಲ. ಬಲಗೈ ಕೀಬೋರ್ಡಿನ ಮೇಲೆ, ಎಡಗೈ ಮೇಜಿನ ಮೇಲೆ. ತಪ್ಪಾಯಿತು, ನಿಲ್ಲಿಸು ಅನ್ನುವುದಕ್ಕೆ ಎಡಗೈ ಗೆಣ್ಣಿನಿಂದ ಮೇಜು ಕುಟ್ಟುತ್ತಾನೆ. ಸರಿಯಿದ್ದರೆ ಏನೂ ಇಲ್ಲ, ಕೈ ಸುಮ್ಮನೆ ಇರುತ್ತದೆ. ಹೊಗಳಿಕೆ ಅಂದರೆ ಅವನಲ್ಲಿ ಅಷ್ಟೇ. ನಾನು ಅವನಿಗೆ ಬೆನ್ನು ಮಾಡಿ, ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡರಿನ ಮುಂದೆ ಕೂರುತ್ತೇನೆ. ಅವನ ಮುಖ ನನಗೆ ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ಪೈಪು ಬಾಯಲ್ಲಿದ್ದರೆ ಜೊಲ್ಲು ಸುರಿಯುತ್ತಲೇ ಇರುತ್ತದೆ, ಹೆಗಲ ಮೇಲೆ ಯಾವಾಗಲೂ ಟವೆಲ್. ಆದ್ದರಿಂದ ತಿರುಗಿ ನೋಡಿದ್ದರೂ ನನಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಇದು ನೆಪ ಅಂತ ನೀನು ಅನ್ನಬಹುದು. ನಾನೂ ಅಂದುಕೊಂಡಿದ್ದೇನೆ.

ಅವತ್ತು ಮಧ್ಯಾಹ್ನ ಈ ಹಾಡನ್ನೇ ಹಿಡಿದಿದ್ದೆವು. 'ದೀಪ ಆರಿಸಬೇಡ' ಅನ್ನುವ ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯದರಲ್ಲಿ ರಕಾರ ಬೆಣ್ಣೆಯ ಹಾಗೆ ಕರಗಿತು, ಸ್ವರ ಎಳೆದುಕೊಂಡು ಎಳೆದುಕೊಂಡು ಹೋಯಿತು, ನಿಲ್ಲಲೇ ಇಲ್ಲ. ನನ್ನ ಮೈ ಜುಮ್ಮೆಂದಿತು. ಇಂಥದ್ದನ್ನು ಅವನ ಯಾವ ರೆಕಾರ್ಡಿನಲ್ಲೂ ಕೇಳಿರಲಿಲ್ಲ. ಅದರ ಹಿಂದೆಯೇ 'ಟಕ್' ಅಂತ ಕೇಳಿಸಿತು. ಮತ್ತೆ 'ಟಕ್'. ಕುಟ್ಟುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು ಅಮ್ಮಾ. ಗೊತ್ತಾಗಲಿಲ್ಲ ಅಂತ ಬರೆದು ಆಮೇಲೆ ಹೊಡೆದುಹಾಕಿದೆ, ಮೇಲೆ ಗೀಚಿದ್ದು ಅದೇ. ಮುದುಕನಿಗೆ ತನ್ನ ಒಳ್ಳೆಯದು ತನಗೇ ತಿಳಿಯುವುದಿಲ್ಲ, ಈ ಸಲ ನಾನು ಹೇಳಿದ್ದೇ ಸರಿ ಅಂದುಕೊಂಡು ತಿರುಗದೆಯೇ ಕೂಗಿದೆ:

"ಕುಟ್ಟಬೇಡ ಮಾಮ, ಸೂಪರಾಗಿದೆ. ಇನ್ನೊಂದ್ ಸಲ, ಇದೇ ಥರ."

ಅವನು ಇನ್ನೊಂದು ಸಲ ಮಾಡಲಿಲ್ಲ. ಬೇಡವಾದರೆ ಬೇಡ ಅಂತ ಬಂದದ್ದನ್ನೇ, ಮೈಕಿಗೆ ಸಿಕ್ಕ ಆ 'ಟಕ್' ಸಮೇತ ಹಿಡಿದು, ಅದರ ಕೆಳಗೆ ಡ್ರಮ್ ಮೆಷಿನ್ ಕೂರಿಸಿ, ಬೇಸ್ ಕೂರಿಸಿ, ಜೋರಾಗಿ ಹಾಕಿ ಅವನಿಗೇ ಕೇಳಿಸಿದೆ. ಮತ್ತೆ ಮತ್ತೆ ಕೇಳಿಸಿದೆ. ಕುಣಿದೆ ಕೂಡ, ಕುರ್ಚಿಯಲ್ಲೇ. ಹಿಂದಿನಿಂದ ಏನೂ ಸದ್ದಿಲ್ಲ. ಒಪ್ಪಿಕೊಂಡ, ಗೆದ್ದೆ ಅಂದುಕೊಂಡೆ. ಕೊನೆಗೆ ಚಹಾ ತರಲು ಎದ್ದು ತಿರುಗಿದರೆ ಅವನು ಕೀಬೋರ್ಡಿನ ಮೇಲೆ ವಾಲಿಕೊಂಡಿದ್ದ, ಪೈಪು ನೆಲದಲ್ಲಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು. ಅಷ್ಟು ಹೊತ್ತೂ ನನ್ನ ಬೆನ್ನನ್ನು ನೋಡಿಕೊಂಡು, ತನಗೆ ಏನಾಗುತ್ತಿತ್ತೋ ಅದನ್ನೇ ತಾನು ಕೇಳಿಸಿಕೊಂಡು ಕೂತಿದ್ದ.

ಕೆಳಗಿನ ಟೈರ್ ಅಂಗಡಿಯವರು ಎತ್ತಿ ಗಾಡಿಗೆ ಹಾಕಿದರು. ಡಾಕ್ಟರು ಯಾವಾಗ ಶುರುವಾಯಿತು ಅಂತ ಕೇಳಿದರು. ಎರಡನೇ ಸಾಲಿನಿಂದ ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹೊತ್ತು ಹೇಳಿದೆ, ರೆಕಾರ್ಡರಿನಲ್ಲಿ ಗಡಿಯಾರ ಇರುತ್ತದೆ, ಸರಿಯಾಗಿಯೇ ಹೇಳಿದೆ. ಅವರು ಬೈಯಲಿಲ್ಲ. ಕೂಡಲೇ ತಂದಿದ್ದರೆ ಒಂದು ಇಂಜೆಕ್ಷನ್ ಇತ್ತು ಅಂತ ಮಾತ್ರ ಅಂದರು. ಅಲ್ಲಿನ ದುಪ್ಪಟಿಯ ಇಸ್ತ್ರಿ ಮಡಿಕೆ ನೋಡಿ ನೀನೇ ನೆನಪಾದೆ. ಆಗಲಾದರೂ ಹೇಳಬೇಕಿತ್ತು. ಅಕ್ಕನಿಗೆ ಹೇಳಲಾ ಅಂತ ಮಾಮನನ್ನು ಕೇಳಿದಾಗ ಮಂಚದ ಸರಳು ಕುಟ್ಟಿದ, ಬೇಡ ಅಂತ. ಅದು ನಿಜ. ಆದರೆ ಆ ಕುಟ್ಟಿನ ಹಿಂದೆ ನಾನು ಬಚ್ಚಿಟ್ಟುಕೊಂಡದ್ದೂ ನಿಜ. ಹೋದ ಸಲ ಅವನು ಕುಟ್ಟಿದಾಗ ಕೇಳದವಳು, ಈ ಸಲ ಎಷ್ಟು ವಿಧೇಯಳಾದೆ ನೋಡು.

ಉಳಿದ ರೆಕಾರ್ಡನ್ನು ಮುಗಿಸಿದ್ದು ನಾನು. ಪೈಪು ನನ್ನ ಬಾಯಿಗೆ ಹಾಕಿಕೊಂಡು, ಅವನ ಹಾಗೆಯೇ. ಅವನು ಪಕ್ಕದಲ್ಲಿ ಕೂತು ಮೇಜು ಕುಟ್ಟಿ ಕುಟ್ಟಿ ತಿದ್ದಿದ. ಆ ತಿಂಗಳುಗಳಲ್ಲಿ ಅವನ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು, ಸುಳ್ಳಲ್ಲ. ನೀನು ಕೇಳಿದ ಹಾಡಿನಲ್ಲಿ ಆ ಒಂದು ಸಾಲು ಬಿಟ್ಟರೆ ಮಿಕ್ಕಿದ್ದೆಲ್ಲ ನಿನ್ನ ಮಗಳ ಬಾಯಿ. ಕವರಿಗೆ ಫೋಟೋ ತೆಗೆಯುವಾಗ ಬಲಗೆನ್ನೆ ಇಳಿದದ್ದು ಕಾಣದ ಹಾಗೆ ಎಡಗಡೆಯಿಂದ ತೆಗೆದರು, ಹಿಂದೆ ಬಗ್ಗಿ ಅವನ ಬೆನ್ನು ಹಿಡಿದುಕೊಂಡಿದ್ದವಳು ನಾನು. ಆ ಎರಡನೇ ಸಾಲನ್ನು ಇಡಲಾ ತೆಗೆಯಲಾ ಅಂತ ಅವನನ್ನು ಕೇಳಿದ್ದೆ. ಕುಟ್ಟಲಿಲ್ಲ, ಅದಕ್ಕೇ ಇಟ್ಟೆ. ಆದರೆ ಮಾತ್ರೆ ನುಂಗಿ ಕಣ್ಣು ಎಳೆಯುತ್ತಿದ್ದ ಹೊತ್ತು ನೋಡಿ ಕೇಳಿದ್ದೆ. ಆ ಹೊತ್ತನ್ನು ಆರಿಸಿದ್ದು ನಾನೇ.

ಮ್ಯಾನೇಜರಮ್ಮನಿಗೆ ಹೋದ ವಾರ ಎಲ್ಲ ಹೇಳಿದೆ. ಆ 'ಟಕ್' ಒಂದನ್ನಾದರೂ ತೆಗೆಸಿ ಅಂದೆ. ಜನ ಕುಣಿಯೋದೇ ಅದಕ್ಕಲ್ವೇನಮ್ಮ ಅಂದಳು. ಅವಳು ಕೆಟ್ಟವಳಲ್ಲ. ಜೋರು ಮಾಡಿ ಇಟ್ಟದ್ದು ಅವಳಲ್ಲ, ನಾನು. ಪೈಪು ಹಿಡಿದದ್ದು ಯಾರ ಬಾಯಿ ಅಂತ ಹೊರಗೆ ಹೇಳಿಯೇ ಹೇಳುತ್ತೇನೆ ಅಂದಿದ್ದೇನೆ. ಆದರೆ ಲೋಕಕ್ಕೆ ತಿಳಿಯುವ ಮೊದಲು ನಿನಗೆ ತಿಳಿಯಬೇಕು. ಅವನು ನಿನ್ನನ್ನು ಕರೆದ ಅಂತ ನಂಬಿಕೊಂಡು ನೀನು ಬಾಗಿಲು ತೆರೆದು ಒಳಗೆ ಬಂದು, 'ಹಾಡೋ' ಅಂದು, ಅವನು ಬಾಯಿ ತೆರೆದು... ಅದನ್ನು ನಾನು ನಿಂತು ನೋಡಲಾರೆ.

ಆದರೆ ಬಾ. ನನ್ನ ಮೇಲಿನ ಸಿಟ್ಟಿಗೆ ಬಸ್ಸು ತಪ್ಪಿಸಬೇಡ. ನೀನು ಬರುತ್ತೀಯ ಅಂತ ಅವನಿಗೆ ಹೇಳಿದೆ, ಮಂಚದ ಸರಳನ್ನು ಕುಟ್ಟಿದ ಹಾಗೆ ಈ ಸಲ ಕುಟ್ಟಲಿಲ್ಲ. ಕನ್ನಡಿ ತೋರಿಸಿ ಗಡ್ಡ ಬೋಳಿಸು ಅಂತ ಸನ್ನೆ ಮಾಡಿದ. ಅವನ ಎಡಗಡೆ ಕೂತುಕೋ. ಸುಮ್ಮನೆ ಮಾತಾಡುತ್ತಾ ಹೋಗು, ನಿನಗೇನು ಹೇಳಿಕೊಡಬೇಕೇ. ತಪ್ಪಿದ್ದರೆ ಕುಟ್ಟುತ್ತಾನೆ. ಆಗ ಮಾತ್ರ ನಿಲ್ಲಿಸು. ನನ್ನ ಹಾಗೆ ಮಾಡಬೇಡ.

ಬೈಗುಳಕ್ಕೆ ಕಾದಿರುವ,
ನಿನ್ನ ಪಾದರಸ

ಇನ್ನೊಂದು ಮಾತು: ಕವರು ಅಂಟಿಸುವ ಮೊದಲು ಇದನ್ನು ಮಾಮನಿಗೆ ಓದಿ ಹೇಳಿದೆ. ಕಣ್ಣು ಪೂರ್ತಿ ತೆರೆದಿದ್ದಾಗ, ಮಾತ್ರೆಗೆ ಮುಂಚೆ. ಈ ಸಲ ಅವನಿಗೆ ಎದುರಾಗಿ ಕೂತು, ಅವನ ಎಡಗೈ ನೋಡಿಕೊಂಡು ಓದಿದೆ. ಲಕ್ವದ ಭಾಗಕ್ಕೆ ಕುಟ್ಟುತ್ತಾನೇನೋ ಅಂತ ಹೆದರಿದ್ದೆ. ಕುಟ್ಟಲಿಲ್ಲ. ಎಲ್ಲ ಓದಿದ ಮೇಲೆ ನೆನಪಾಯಿತು, ಒಂದು ಕಡೆ ಕುಟ್ಟಿದ್ದ, ನಾನು ನಿಲ್ಲಿಸದೆ ಓದಿಕೊಂಡು ಹೋಗಿದ್ದೆ. ಹಿಂದಕ್ಕೆ ಹೋಗಿ ಆ ಸಾಲನ್ನೇ ಮತ್ತೆ ಓದಿದೆ. ಮತ್ತೆ ಕುಟ್ಟಿದ. 'ಆಮೇಲೆ ಮಾಮ ಕರೆಸಿಕೊಂಡ' ಅಂತ ಬರೆದಿದ್ದೇನಲ್ಲ, ಅಲ್ಲಿ. ಅವನು ನನ್ನನ್ನು ಕರೆಸಿಕೊಂಡಿರಲಿಲ್ಲ ಅಮ್ಮಾ. ನಾನೇ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತೆ. ವಾಪಸ್ ಹೋಗಿ ಸ್ಕೂಲಿಗೆ ಸೇರು, ಅಕ್ಕನನ್ನು ಅಳಿಸಬೇಡ ಅಂತ ಎರಡು ದಿನ ಬೈದ. ನಿನ್ನ ಕೋಪ ತಡೆಯಲಾರದೆ, ಮಾಮನೇ ಕರೆಸಿಕೊಂಡ ಅಂತ ನಾನೇ ಅವನ ಹೆಸರು ಹೇಳಿದೆ. ನೀನು ಅವನಿಗೆ ಅಷ್ಟು ಬೈದೆ, ಮಾತೇ ಬಿಟ್ಟೆ. ಆಗ ಅವನಿಗೆ ಚೆನ್ನಾಗಿ ಮಾತು ಬರುತ್ತಿತ್ತು, ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ. ಇಷ್ಟನ್ನೂ ಈಗ ಬರೆದು ಅವನಿಗೆ ಓದಿದೆ. ಕೈ ಮೇಜಿನ ಮೇಲೇ ಇದೆ. ಅಲ್ಲಾಡಲಿಲ್ಲ.